ಹನಗೋಡಿನ ಆನೆ, ಅಜ್ಜಿಯ ನೀಲಿ ಸೀರೆ

ಮೈಸೂರಿನಿಂದ ಮಡಿಕೇರಿ ರಸ್ತೆಯಲ್ಲಿ ಸುಮಾರು 45 ಕಿಲೋಮೀಟರ್ ಹೋದರೆ ಹುಣಸೂರು. ಅಲ್ಲಿ ಬಸ್ಸು ಬದಲಾಯಿಸಿ ನಾಗರಹೊಳೆ ಕಾಡಿನ ದಿಕ್ಕಿಗೆ ಹೊರಟರೆ ಮುಕ್ಕಾಲು ಗಂಟೆಯೊಳಗೆ ಹನಗೋಡು. ಹೋಬಳಿ ಕೇಂದ್ರವಾದ್ದರಿಂದ ಬೆಳಗಿನ ಹೊತ್ತು ಜನ ಓಡಾಡುತ್ತಿರುತ್ತಾರೆ. ಮಧ್ಯಾಹ್ನವಾದರೆ ಬಸ್ಸು ಬಂದಾಗ ಮಾತ್ರ ಸದ್ದು.

ಊರಿನ ಪಕ್ಕದಲ್ಲೇ ಲಕ್ಷ್ಮಣತೀರ್ಥ ನದಿ. ಕೊಡಗಿನ ಇರ್ಪು ಬಳಿ ಬ್ರಹ್ಮಗಿರಿ ಬೆಟ್ಟದಿಂದ ಇಳಿದು ಬರುವ ಈ ನದಿ ಹನಗೋಡು, ಹುಣಸೂರು ದಾಟಿ ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಹನಗೋಡಿನಲ್ಲಿ ನದಿಗೆ ಅಡ್ಡವಾಗಿ ಹಳೆಯ ಅಣೆಕಟ್ಟೆ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ನೀರು ಕಟ್ಟೆಯ ಉದ್ದಕ್ಕೂ ಬಿಳಿ ಪಂಚೆ ಹರಡಿದಂತೆ ಇಳಿಯುತ್ತಿರುತ್ತದೆ. ನೋಡಲು ಚೆಂದ, ಆದರೆ ಕಲ್ಲಿನ ಮೇಲೆ ಪಾಚಿ. ಮಕ್ಕಳು ದೊಡ್ಡವರ ಕೈ ಹಿಡಿದು ದೂರದಿಂದಲೇ ನೋಡಬೇಕು. ಅಲ್ಲಿಂದ ಹೊರಟ ನಾಲೆಯ ನೀರು ಕಂಡ ಕಡೆ ಭತ್ತ, ನೀರು ಕಾಣದ ಕಡೆ ರಾಗಿ, ಮುಸುಕಿನ ಜೋಳ, ಹೊಗೆಸೊಪ್ಪು. ಹೊಲಗಳ ನಡುವೆ ಎತ್ತರಕ್ಕೆ ನಿಂತ ಕಿಟಕಿಯಿಲ್ಲದ ಕಟ್ಟಡಗಳು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು.

ಹುಣಸೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತನಾಗಿದ್ದಾಗ ಈ ಕಡೆಯ ರೈತರ ಪಾಸ್‌ಬುಕ್ ಬರೆದುಕೊಟ್ಟವನು ನಾನು. ನನ್ನ ತಂಗಿಯನ್ನು ಹನಗೋಡಿಗೇ ಕೊಟ್ಟಿರುವುದರಿಂದ ನಿವೃತ್ತಿಯಾದ ಮೇಲೂ ನಂಟು ಉಳಿದಿದೆ. ಈ ಸಲ ದಸರಾ ರಜೆಯಲ್ಲಿ ಏಳನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ನಾಲ್ಕು ದಿನ ಹೋಗಿದ್ದೆ. ಆ ನಾಲ್ಕು ದಿನದಲ್ಲಿ ಅಲ್ಲಿ ಒಂದು ಸಿನಿಮಾ ತಯಾರಾಯಿತು. ಅದರ ಕಥೆಯನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ಪೂಜೆಯ ಆನೆ, ರಾತ್ರಿಯ ಆನೆ

ಹನಗೋಡಿನಿಂದ ಮುಂದೆ ಕಾಡಿನ ಬಾಗಿಲಲ್ಲಿ ವೀರನಹೊಸಹಳ್ಳಿ. ದಸರಾ ಆನೆಗಳು ಮೈಸೂರಿಗೆ ಹೊರಡುವ ‘ಗಜಪಯಣ’ ಶುರುವಾಗುವುದು ಇಲ್ಲಿಂದಲೇ. ಅಂದು ಆನೆಗಳಿಗೆ ಹೂವಿನ ಹಾರ, ಕಬ್ಬು, ಬೆಲ್ಲ, ಮಂಗಳಾರತಿ. ಸುತ್ತಲಿನ ಊರಿನವರೆಲ್ಲ ಕೈಮುಗಿದು ಕಳುಹಿಸಿಕೊಡುತ್ತಾರೆ.

ಅದೇ ಜನ ರಾಗಿ ತೆನೆ ಕಟ್ಟುವ ಕಾಲ ಬಂದರೆ ರಾತ್ರಿಯಿಡೀ ಹೊಲದ ಅಟ್ಟಣೆಯ ಮೇಲೆ ಕೂತಿರುತ್ತಾರೆ. ಕಾಡಾನೆ ಇಳಿದರೆ ಒಂದು ವರ್ಷದ ಅನ್ನ ಒಂದು ರಾತ್ರಿಗೆ ಮುಗಿಯುತ್ತದೆ. ಕಾಡಿನ ಅಂಚಿನಲ್ಲಿ ಕಂದಕ ತೋಡಿದ್ದಾರೆ, ಹಳೆಯ ರೈಲು ಹಳಿಗಳನ್ನು ನೆಟ್ಟು ಬೇಲಿ ಮಾಡಿದ್ದಾರೆ. ಆದರೂ ಆನೆ ಬುದ್ಧಿವಂತ ಪ್ರಾಣಿ, ಎಲ್ಲಿ ಸಂದು ಇದೆಯೆಂದು ಹುಡುಕುತ್ತದೆ. ಹೋದ ವರ್ಷ ನನ್ನ ತಂಗಿಯ ಮಗನ ರಾಗಿ ಹೊಲ ಅರ್ಧ ಹೋಯಿತು.

ಅವನ ಮಗ ಆರನೇ ತರಗತಿ ಓದುತ್ತಾನೆ. ನಾವು ಹೋದ ದಿನವೇ ನನ್ನ ಮೊಮ್ಮಗಳು ಅವನಿಗೆ ತನ್ನ ಯೋಜನೆ ಹೇಳಿದಳು: ಜೇಡಿಮಣ್ಣಿನ ಆನೆ ಮಾಡಿ, ಮೊಬೈಲಿನಲ್ಲಿ ಸ್ಟಾಪ್ ಮೋಷನ್ ಸಿನಿಮಾ ತೆಗೆಯುವುದು. ಆನೆ ಕುಣಿಯುತ್ತಾ ಹೊಲಕ್ಕೆ ಬರುತ್ತದೆ, ರೈತ ಹೆದರಿ ಓಡುತ್ತಾನೆ, ಅವನ ಪಂಚೆ ಬಿಚ್ಚಿಹೋಗುತ್ತದೆ. ಅವಳು ನಕ್ಕಳು. ಹುಡುಗ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಪ್ಪ ಹಂಗೆ ಓಡಲ್ಲ ಕಣಕ್ಕ. ಆನೆನೂ ಹಂಗೆ ಕುಣ್ಕೊಂಡ್ ಬರಲ್ಲ” ಅಂದ.

“ಮತ್ತೆ ಹೇಗೆ ಬರತ್ತೆ?”

“ಸದ್ದೇ ಮಾಡಲ್ಲ. ಕತ್ತಲಲ್ಲಿ ನಿಂತ್ಕೊಂಡು ಮೊದ್ಲು ಸೊಂಡ್ಲು ಎತ್ತಿ ಗಾಳಿ ಮೂಸ್ತದೆ. ಆಮೇಲೆ ಒಂದೊಂದೇ ಕಾಲು ಇಡ್ತದೆ.”

ಮೊಮ್ಮಗಳು ತನ್ನ ನೋಟುಪುಸ್ತಕದಲ್ಲಿ ಬರೆದಿದ್ದ ಕಥೆಗೆ ಅಡ್ಡಗೆರೆ ಎಳೆದಳು. ಹೊಸ ಹಾಳೆಯಲ್ಲಿ ಅವನು ಹೇಳುತ್ತಾ ಹೋದ, ಇವಳು ಬರೆಯುತ್ತಾ ಹೋದಳು.

ಒಂದು ಸೆಕೆಂಡಿಗೆ ಹನ್ನೆರಡು ಫೋಟೋ

ಸ್ಟಾಪ್ ಮೋಷನ್ ಎಂದರೇನು ಎಂದು ನನ್ನ ವಯಸ್ಸಿನವರಿಗೆ ಹೇಳಿಬಿಡುತ್ತೇನೆ. ಬೊಂಬೆಯನ್ನು ಒಂದು ಕೂದಲೆಳೆಯಷ್ಟು ಸರಿಸುವುದು, ಕೈ ಆಚೆ ತೆಗೆಯುವುದು, ಒಂದು ಫೋಟೋ ತೆಗೆಯುವುದು. ಮತ್ತೆ ಸರಿಸುವುದು, ಮತ್ತೆ ಫೋಟೋ. ಎಲ್ಲವನ್ನೂ ಜೋಡಿಸಿ ವೇಗವಾಗಿ ಓಡಿಸಿದರೆ ಬೊಂಬೆ ತಾನೇ ನಡೆದಂತೆ ಕಾಣುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಮಕ್ಕಳು 12ಕ್ಕೆ ಒಪ್ಪಿಕೊಂಡರು. ಹಾಗಿದ್ದರೂ ಒಂದು ನಿಮಿಷಕ್ಕೆ 720 ಫೋಟೋ ಬೇಕು. ಲೆಕ್ಕ ಬರೆಯುವ ಕೆಲಸ ನನ್ನದಾಯಿತು.

ಇದು ಹೊಸ ವಿದ್ಯೆಯೇನಲ್ಲ. ನಮ್ಮ ದೇಶದ ಸಿನಿಮಾ ಪಿತಾಮಹ ದಾದಾಸಾಹೇಬ್ ಫಾಲ್ಕೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ತರುವ ಮೊದಲೇ, ಕುಂಡದಲ್ಲಿ ಬಟಾಣಿ ಬಿತ್ತಿ ದಿನಕ್ಕಿಷ್ಟೆಂದು ಚಿತ್ರ ತೆಗೆದು, ಬೀಜ ಮೊಳೆತು ಗಿಡವಾಗುವುದನ್ನು ಪರದೆಯ ಮೇಲೆ ಕ್ಷಣದಲ್ಲಿ ತೋರಿಸಿದ್ದರು. 1933ರ ‘ಕಿಂಗ್ ಕಾಂಗ್’ ಚಿತ್ರದ ದೈತ್ಯ ಗೊರಿಲ್ಲಾ ಕೂಡ ಹೀಗೆ ಇಂಚಿಂಚೇ ಸರಿಸಿದ ಬೊಂಬೆ.

ಆನೆಗೆ ಮೊದಲು ಕೆರೆಯ ಜೇಡಿಮಣ್ಣು ತಂದರು. ಅದು ಒಂದು ಗಂಟೆಯಲ್ಲಿ ಒಣಗಿ, ಕಾಲು ಬಗ್ಗಿಸಿದ ಕಡೆಯಲ್ಲೆಲ್ಲ ಬಿರುಕು ಬಿಟ್ಟಿತು. ಕೊನೆಗೆ ಹುಣಸೂರಿನ ಪುಸ್ತಕದ ಅಂಗಡಿಯಿಂದ ಒಣಗದ ಬಣ್ಣದ ಕ್ಲೇ ತರಿಸಿ, ಕಪ್ಪು ಬಿಳುಪು ಬೆರೆಸಿ ಬೂದು ಮಾಡಿ, ಚೂರು ಕೆಂಪುಕಂದು ಸೇರಿಸಿದರು. “ಆನೆ ಮೈ ಮೇಲೆ ಮಣ್ಣು ಎರಚ್ಕೊಂಡಿರ್ತದೆ” ಎಂಬುದು ಹುಡುಗನ ಕಾರಣ. ಒಳಗೆ ಮೂಳೆಯ ಬದಲಿಗೆ ಕಟ್ಟಡ ಕೆಲಸದವರ ಬೈಂಡಿಂಗ್ ತಂತಿ. ಗೇಣುದ್ದದ ಆನೆ ಎದ್ದು ನಿಂತಿತು.

ಹೊಲದಲ್ಲೇ ಏಕೆ ತೆಗೆಯಬಾರದು?

ನಾನು ಕೇಳಿದ ಮೊದಲ ಪ್ರಶ್ನೆ ಇದೇ. ಮನೆಯ ಹಿಂದೆಯೇ ಹೊಲ ಇರುವಾಗ ಆನೆಯನ್ನು ಅಲ್ಲೇ ನಿಲ್ಲಿಸಿ ತೆಗೆಯಬಹುದಲ್ಲ?

ಮಕ್ಕಳು ತೆಗೆದು ತೋರಿಸಿದರು. ಮೂರು ಸೆಕೆಂಡಿನ ತುಣುಕಿಗೆ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲಿ ಬಿಸಿಲು ಸರಿದಿತ್ತು, ಮೋಡ ಬಂದು ಹೋಗಿತ್ತು, ಗಾಳಿಗೆ ಪೈರು ಅಲುಗಾಡಿತ್ತು. ಓಡಿಸಿ ನೋಡಿದರೆ ಆನೆ ಮೆಲ್ಲಗೆ ನಡೆಯುತ್ತಿದೆ, ಹಿಂದಿನ ಹೊಲ ಮಾತ್ರ ಮಿಂಚು ಹೊಡೆದಂತೆ ಬೆಳಗುತ್ತಾ ಕಪ್ಪಾಗುತ್ತಾ ನಡುಗುತ್ತಿದೆ. ಬೊಂಬೆ ನಮಗಾಗಿ ಕಾಯುತ್ತದೆ, ಸೂರ್ಯ ಕಾಯುವುದಿಲ್ಲ.

ಹಸಿರು ಪರದೆ ಬೇಕಾಗುವುದು ಇಲ್ಲಿಯೇ. ಹೊಲದ ಫೋಟೋವನ್ನು ಒಂದೇ ಸಲ ತೆಗೆದಿಟ್ಟುಕೊಳ್ಳುವುದು. ಆನೆಯನ್ನು ಮನೆಯೊಳಗೆ, ಹಸಿರು ಬಟ್ಟೆಯ ಮುಂದೆ, ಒಂದೇ ಸಮನಾದ ದೀಪದ ಬೆಳಕಿನಲ್ಲಿ ಬೇಕಾದಷ್ಟು ಹೊತ್ತು ತೆಗೆಯುವುದು. ಆಮೇಲೆ ಮೊಬೈಲಿನ ಆ್ಯಪಿಗೆ ಒಂದೇ ಆಜ್ಞೆ: ಈ ಹಸಿರು ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ತೂತು ಮಾಡು. ಆ ತೂತಿನ ಹಿಂದೆ ಹೊಲದ ಫೋಟೋ ಇಟ್ಟರೆ ಆನೆ ಹೊಲದಲ್ಲಿ ನಿಂತಿರುತ್ತದೆ.

ಹಸಿರೇ ಯಾಕೆ? ಮನುಷ್ಯರ ಚರ್ಮದಲ್ಲಿ, ಕೂದಲಲ್ಲಿ ಹಸಿರು ಇಲ್ಲ. ಜೊತೆಗೆ, ಇಂದಿನ ಕ್ಯಾಮೆರಾದ ಕಣ್ಣಿನಲ್ಲಿ ನಾಲ್ಕು ಚುಕ್ಕಿಗಳಿದ್ದರೆ ಒಂದು ಕೆಂಪನ್ನೂ ಒಂದು ನೀಲಿಯನ್ನೂ ಎರಡು ಹಸಿರನ್ನೂ ನೋಡುತ್ತವೆ. ಹಾಗಾಗಿ ಹಸಿರು ಅದಕ್ಕೆ ಚೆನ್ನಾಗಿ ಕಾಣುತ್ತದೆ, ಅಂಚು ಸರಿಯಾಗಿ ಕತ್ತರಿಸಲು ಬರುತ್ತದೆ. ಅಮೆರಿಕದ ಲೈಕಾ ಎಂಬ ಸ್ಟುಡಿಯೋದವರು ಬೊಂಬೆಗಳ ಸ್ಟಾಪ್ ಮೋಷನ್ ಜೊತೆಗೆ ಇಂಥ ತಂತ್ರಗಳನ್ನು ಬೆರೆಸಿ 2016ರಲ್ಲಿ ಮಾಡಿದ ‘ಕುಬೋ ಆ್ಯಂಡ್ ದಿ ಟೂ ಸ್ಟ್ರಿಂಗ್ಸ್’ ವಿಶುವಲ್ ಎಫೆಕ್ಟ್ಸ್ ವಿಭಾಗದ ಆಸ್ಕರ್ ಸ್ಪರ್ಧೆಯ ತನಕ ಹೋಗಿತ್ತು.

ನಮ್ಮ ಸ್ಟುಡಿಯೋ ತಂಗಿಯ ಮನೆಯ ನಡುಮನೆ. ಎರಡು ಮೀಟರ್ ಹಸಿರು ಬಟ್ಟೆಗೆ ಇಸ್ತ್ರಿ ಹಾಕಿ ಗೋಡೆಗೆ ಕಟ್ಟಿದರು. ಸುಕ್ಕು ಇದ್ದರೆ ನೆರಳು, ನೆರಳಿದ್ದರೆ ಹಸಿರು ಎರಡು ಬಣ್ಣವಾಗಿ ಆ್ಯಪಿಗೆ ಗೊಂದಲ. ಆನೆಯನ್ನು ಬಟ್ಟೆಯಿಂದ ಎರಡು ಅಡಿ ಮುಂದೆ ಇಟ್ಟರು. ಹತ್ತಿರವಿದ್ದರೆ ಬಟ್ಟೆಯ ಹಸಿರು ಆನೆಯ ಬೆನ್ನಿಗೆ ಬಳಿದಂತೆ ಕಾಣುತ್ತದೆ. ಬಟ್ಟೆಗೆ ಬೇರೆ ದೀಪ, ಆನೆಗೆ ಬೇರೆ ದೀಪ. ಕಿಟಕಿ ಮುಚ್ಚಿ, ಮೊಬೈಲಿನ ಫೋಕಸ್ಸನ್ನೂ ಬೆಳಕಿನ ಅಳತೆಯನ್ನೂ ಲಾಕ್ ಮಾಡಿದರು. ಮೊಬೈಲ್ ಅಲುಗಾಡದಂತೆ ನಿಲ್ಲಿಸಲು ತಂಗಿ ಒಂದು ಸೇರಿನ ತುಂಬ ರಾಗಿ ಕೊಟ್ಟಳು. ಅದರೊಳಗೆ ಹೂತ ಮೊಬೈಲ್ ಬಂಡೆಯಂತೆ ಕೂತಿತು. ಬೆರಳು ಮುಟ್ಟಿದರೂ ಅಲುಗುತ್ತದೆಂದು ಇಯರ್‌ಫೋನಿನ ಗುಂಡಿ ಒತ್ತಿ ಫೋಟೋ ತೆಗೆದರು.

ಮಾಯವಾದ ರಾಗಿ

ಎರಡನೆಯ ರಾತ್ರಿ ಮುಖ್ಯ ದೃಶ್ಯ: ಆನೆ ಸೊಂಡಿಲಿನಿಂದ ರಾಗಿ ಪೈರು ಕಿತ್ತು ಬಾಯಿಗಿಡುವುದು. ನಿಜವಾದ ಪೈರು ದೀಪದ ಶಾಖಕ್ಕೆ ಅರ್ಧ ಗಂಟೆಯಲ್ಲಿ ಬಾಡಿ ತಲೆ ಬಾಗಿಸುತ್ತದೆ. ಅದಕ್ಕೆ ಹುಡುಗ ಹಸಿರು ಕಾಗದ ಕತ್ತರಿಸಿ ಪುಟ್ಟ ಪುಟ್ಟ ಪೈರು ಮಾಡಿದ್ದ. ತೊಂಬತ್ತು ಫೋಟೋ ತೆಗೆದು ಹಿನ್ನೆಲೆ ಸೇರಿಸಿ ನೋಡಿದರೆ ರಾಗಿಯೇ ಇಲ್ಲ! ಆನೆ ಬರಿಗಾಳಿಯನ್ನು ಕಿತ್ತು ಬಾಯಿಗಿಟ್ಟುಕೊಳ್ಳುತ್ತಿತ್ತು.

ಆ್ಯಪಿಗೆ ಬಟ್ಟೆ ಯಾವುದು, ಬೆಳೆ ಯಾವುದು ಎಂದು ತಿಳಿಯದು. ಹಸಿರು ಕಂಡಲ್ಲೆಲ್ಲ ತೂತು ಮಾಡು ಎಂದಿದ್ದಕ್ಕೆ ಅದು ಪೈರನ್ನೂ ತೆಗೆದುಹಾಕಿತ್ತು. ಹುಡುಗ, “ನಮ್ ಹೊಲನೂ ಹಿಂಗೇ ಆಗಿತ್ತು, ಬೆಳಗ್ಗೆ ಹೋಗಿ ನೋಡಿದ್ರೆ ಏನೂ ಇರ್ಲಿಲ್ಲ” ಅಂದ. ಮೊಮ್ಮಗಳು ನಗಲು ಹೋದವಳು ಅವನ ಮುಖ ನೋಡಿ ನಿಲ್ಲಿಸಿದಳು.

ಹಸಿರು ಊರಿನ ಕಥೆಗೆ ಹಸಿರು ಪರದೆ ಆಗಿಬರುವುದಿಲ್ಲ ಎಂದು ಅಷ್ಟರಲ್ಲಿ ಎಲ್ಲರಿಗೂ ತಿಳಿಯಿತು. ಬೊಂಬೆಯಲ್ಲಿ ಇಲ್ಲದ ಬಣ್ಣವನ್ನೇ ಪರದೆಗೆ ಆರಿಸಬೇಕು. ಬೂದು ಆನೆ, ಹಸಿರು ಪೈರು, ಕೆಂಪು ಮಣ್ಣು, ಬಿಳಿ ಪಂಚೆಯ ರೈತ. ಇಲ್ಲಿ ಇಲ್ಲದ ಬಣ್ಣ ನೀಲಿ. ತಂಗಿ ಪೆಟ್ಟಿಗೆ ತೆಗೆದು ತನ್ನ ಹಳೆಯ ನೀಲಿ ವಾಯಿಲ್ ಸೀರೆ ಕೊಟ್ಟಳು. ಅಂಚು ಮಡಚಿ ಎರಡು ಪದರ ಮಾಡಿ ಕಟ್ಟಿದರು. ಮಣ್ಣಿನ ರೈತನ ಹೆಗಲ ಮೇಲಿದ್ದ ನೀಲಿ ಟವಲ್ಲು ಮಾತ್ರ ಕೆಂಪಾಗಬೇಕಾಯಿತು, ಇಲ್ಲದಿದ್ದರೆ ಹೆಗಲೇ ತೂತಾಗುತ್ತಿತ್ತು.

ಕಾರಾಪುರದ ಹುಡುಗ

ಅಷ್ಟು ಸಿದ್ಧವಾಗುವ ಹೊತ್ತಿಗೆ ಕರೆಂಟು ಹೋಯಿತು. ಆನೆಯನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ, ಎಲ್ಲರೂ ಜಗಲಿಗೆ ಬಂದು ಕೂತೆವು. ನೀಲಿ ಪರದೆ ಎಂದೊಡನೆ ನನಗೆ ನೆನಪಾದ ಕಥೆಯನ್ನು ಮಕ್ಕಳಿಗೆ ಹೇಳಿದೆ. ಅದು ಇದೇ ಕಾಡಿನ ಆ ಕಡೆಯ ಮಗ್ಗುಲಿನದು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಒಬ್ಬ ಮಾವುತನ ಮನೆಯಲ್ಲಿ ಹುಟ್ಟಿದ ಹುಡುಗ ಸಾಬು. ಅಪ್ಪ ಮೈಸೂರು ಮಹಾರಾಜರ ಆನೆಗಳನ್ನು ನೋಡಿಕೊಳ್ಳುತ್ತಿದ್ದವರು. ಆಗ ಕಾಕನಕೋಟೆ ಕಾಡಿನಲ್ಲಿ ಖೆಡ್ಡಾ ನಡೆಯುತ್ತಿತ್ತು; ಕಾಡಾನೆಗಳನ್ನು ಸುತ್ತುವರಿದು ಅಟ್ಟಿ ದೊಡ್ಡ ದೊಡ್ಡಿಯೊಳಗೆ ಕೂಡಿಹಾಕುವ ಆ ಪದ್ಧತಿ 1971ರ ತನಕವೂ ಇತ್ತು. ಕಿಪ್ಲಿಂಗರ ಕಥೆಯೊಂದನ್ನು ಸಿನಿಮಾ ಮಾಡಲು ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿಯವರ ತಂಡದವರ ಕಣ್ಣಿಗೆ ಈ ಹುಡುಗ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಿಡುಗಡೆಯಾಯಿತು. ಆನೆಯ ಕುತ್ತಿಗೆಯ ಮೇಲೆ ಕೂತು ಬೆಳೆದ ಹುಡುಗ ಆನೆಯ ಮೇಲೆ ಹೇಗೆ ಕೂರಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪ್ರಪಂಚವೆಲ್ಲ ಅವನನ್ನು ನೋಡಿತು.

ಮುಂದೆ ಇಂಗ್ಲೆಂಡಿಗೆ ಹೋದ ಸಾಬು, 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಎಂಬ ಬಣ್ಣದ ಚಿತ್ರದಲ್ಲಿ ನಟಿಸಿದ. ಸೀಸೆಯಿಂದ ಹೊಗೆಯಾಗಿ ಹೊರಬಂದು ಬೆಟ್ಟದಷ್ಟು ಬೆಳೆಯುವ ದೈತ್ಯ, ಅವನ ಪಾದದ ಹತ್ತಿರ ಇಲಿಮರಿಯಷ್ಟು ಸಾಬು. ಇಬ್ಬರನ್ನೂ ಬೇರೆ ಬೇರೆಯಾಗಿ ತೆಗೆದು ಒಂದೇ ಚಿತ್ರದೊಳಗೆ ಕೂಡಿಸಲು ಲ್ಯಾರಿ ಬಟ್ಲರ್ ಎಂಬ ತಂತ್ರಜ್ಞ ನೀಲಿ ಪರದೆಯನ್ನು ಬಳಸಿದ್ದರು. ಬಣ್ಣದ ಸಿನಿಮಾದಲ್ಲಿ ಈ ತಂತ್ರವನ್ನು ಅಷ್ಟು ದೊಡ್ಡದಾಗಿ ಬಳಸಿದ ಮೊದಲ ಚಿತ್ರಗಳಲ್ಲಿ ಅದು ಒಂದು. ಅದಕ್ಕೆ ಆ ವರ್ಷದ ಸ್ಪೆಷಲ್ ಎಫೆಕ್ಟ್ಸ್ ಆಸ್ಕರ್ ಸಿಕ್ಕಿತು. ಆಗ ಕಂಪ್ಯೂಟರ್ ಇಲ್ಲ. ಫಿಲ್ಮನ್ನು ಮತ್ತೆ ಮತ್ತೆ ತೊಳೆದು, ಅಚ್ಚು ಹಾಕಿ, ಒಂದರ ಮೇಲೊಂದು ಜೋಡಿಸಬೇಕಿತ್ತು. ಸಾಬು ಅಮೆರಿಕದ ಪ್ರಜೆಯಾಗಿ, ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ವಾಯುಪಡೆಯಲ್ಲಿ ದುಡಿದು, 1963ರಲ್ಲಿ 39ನೇ ವಯಸ್ಸಿಗೇ ತೀರಿಕೊಂಡ.

“ಕಾರಾಪುರದವನಾ ತಾತ? ನಮ್ ಕಡೆಯವನಾ?” ಎಂದು ಹುಡುಗ ಎರಡು ಸಲ ಕೇಳಿದ. ಕರೆಂಟು ಬಂತು. ಅವನು ಎದ್ದು ಹೋಗಿ ನೀಲಿ ಸೀರೆಯ ಸುಕ್ಕನ್ನು ಮತ್ತೊಮ್ಮೆ ಎಳೆದು ಸರಿಮಾಡಿದ.

ನೆರಳಿಲ್ಲದ ಆನೆ ದೆವ್ವ

ಮೂರನೆಯ ದಿನ ಸಂಜೆ ಹುಡುಗನ ಅಪ್ಪನ ಜೊತೆ ಹೊಲಕ್ಕೆ ಹೋಗಿ ಹಿನ್ನೆಲೆಯ ಫೋಟೋ ತೆಗೆದೆವು. ಕತ್ತಲಾಗುವ ಮುಂಚೆ ವಾಪಸ್ಸು ಬರಬೇಕೆಂಬುದು ಅಲ್ಲಿ ಎಲ್ಲ ಮಕ್ಕಳಿಗೂ ಇರುವ ಕಟ್ಟಪ್ಪಣೆ. ಮೊಮ್ಮಗಳು ನಿಂತು ತೆಗೆಯಲು ಹೋದಾಗ ಹುಡುಗ ತಡೆದ. “ಕೂತ್ಕೊಂಡು ತೆಗಿ ಅಕ್ಕ. ಕೆಳಗಿಂದ ನೋಡಿದ್ರೇನೇ ಆನೆ ಆನೆಯಷ್ಟು ಕಾಣೋದು.” ಸರಿಯಾದ ಮಾತು. ಬೊಂಬೆಯ ಕಾಲ ಹತ್ತಿರ ಮೊಬೈಲ್ ಇಟ್ಟು ತೆಗೆಯುವಾಗ ಹಿನ್ನೆಲೆಯನ್ನೂ ನೆಲದ ಮಟ್ಟದಿಂದಲೇ ತೆಗೆದಿರಬೇಕು. ಇಲ್ಲದಿದ್ದರೆ ಎರಡೂ ಹೊಂದುವುದಿಲ್ಲ.

ಸೂರ್ಯ ಎಡಗಡೆ ಮುಳುಗುತ್ತಿದ್ದುದರಿಂದ ಮನೆಯೊಳಗೂ ದೀಪವನ್ನು ಎಡಕ್ಕೆ ಸರಿಸಿದರು. ಆನೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತಿತ್ತು, ಯಾಕೆಂದರೆ ಬಟ್ಟೆಯ ಜೊತೆ ಅದರ ನೆರಳೂ ಹೋಗಿತ್ತು. “ನೆರಳಿಲ್ಲದ್ದು ದೆವ್ವ” ಅಂದಳು ತಂಗಿ. ಹೊಲದಿಂದ ಒಂದು ಬುಟ್ಟಿ ಕೆಮ್ಮಣ್ಣು ತಂದು ಅಗಲವಾದ ಮಣೆಯ ಮೇಲೆ ಹರಡಿ, ಆನೆಯನ್ನು ಅದರ ಮೇಲೆ ನಿಲ್ಲಿಸಿದರು. ಈಗ ಹಿಂದುಗಡೆ ಮಾತ್ರ ಪರದೆ, ಕಾಲಡಿಯ ಮಣ್ಣೂ ನೆರಳೂ ನಿಜ. ಮುಂಗಾಲು ಎತ್ತಿದರೆ ಆನೆ ಮುಗ್ಗರಿಸುತ್ತಿತ್ತು. ಅದಕ್ಕೆ ಆನೆಯ ಹಿಂದಿನಿಂದ ಒಂದು ತಂತಿಯ ಊರುಗೋಲು ಕೊಟ್ಟು, ಸೀರೆಯ ಬಣ್ಣದ್ದೇ ಬಟ್ಟೆ ಸುತ್ತಿದರು. ಪರದೆಯ ಜೊತೆ ಊರುಗೋಲೂ ಮಾಯ!

ನಾಲ್ಕನೆಯ ದಿನ ಮಧ್ಯಾಹ್ನಕ್ಕೆ ಸಿನಿಮಾ ಮುಗಿಯಿತು. ನನ್ನ ಲೆಕ್ಕದ ಪುಸ್ತಕದಂತೆ 552 ಫೋಟೋ, 46 ಸೆಕೆಂಡು. ಕಥೆ ಇಷ್ಟೇ: ಆನೆ ಕತ್ತಲಲ್ಲಿ ನಿಂತು ಸೊಂಡಿಲೆತ್ತಿ ಮೂಸುತ್ತದೆ. ಮೆಲ್ಲಗೆ ಬಂದು ಒಂದು ಹಿಡಿ ರಾಗಿ ತಿನ್ನುತ್ತದೆ. ಅಟ್ಟಣೆಯ ಮೇಲಿನ ರೈತ ಎದ್ದು ನಿಂತು ಟಾರ್ಚ್ ಬಿಡುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಲ್ಲುತ್ತಾರೆ. ಆನೆ ಹಿಂದಕ್ಕೆ ತಿರುಗುತ್ತದೆ. ರೈತ ಕೂರುತ್ತಾನೆ, ಮಲಗುವುದಿಲ್ಲ. ಆನೆಗೆ ಪಟಾಕಿ ಹೊಡೆಯುವ ದೃಶ್ಯ ಇರಲಿ ಎಂದು ಮೊಮ್ಮಗಳು ಹೇಳಿದ್ದಕ್ಕೆ ಹುಡುಗ ಒಪ್ಪಿರಲಿಲ್ಲ. “ಅದು ಬರೋದು ಹೊಟ್ಟೆಗೆ ಅಲ್ವಾ ಅಕ್ಕ” ಅಂದಿದ್ದ.

ಮಕ್ಕಳೇ, ನೀವೂ ಮಾಡಿ ನೋಡಿ. ಮೊಬೈಲಿಗೆ ಸ್ಟಾಪ್ ಮೋಷನ್ ಆ್ಯಪುಗಳು ಸಿಗುತ್ತವೆ, ದೊಡ್ಡವರನ್ನು ಕೇಳಿ ಹಾಕಿಸಿಕೊಳ್ಳಿ. ಬೊಂಬೆಯಲ್ಲಿ ಇಲ್ಲದ ಬಣ್ಣದ, ಸುಕ್ಕಿಲ್ಲದ ಬಟ್ಟೆ ಇರಲಿ. ಅಲುಗದ ಮೊಬೈಲ್, ಬದಲಾಗದ ಬೆಳಕು ಇರಲಿ. ಪರದೆಯ ಹಿಂದೆ ಚಂದ್ರಲೋಕವನ್ನೂ ಇಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಮೊದಲ ಸಲ ನಿಮ್ಮ ಬೀದಿಯನ್ನೋ ಹೊಲವನ್ನೋ ಇಟ್ಟು ನೋಡಿ. ನಿಮಗೆ ಗೊತ್ತಿರುವ ಜಾಗದಲ್ಲಿ ಬೊಂಬೆ ಹೇಗೆ ನಡೆಯಬೇಕೆಂದು ನಿಮಗೆ ಗೊತ್ತಿರುತ್ತದೆ. ಅಜ್ಜ ಅಜ್ಜಿಯರೇ, ನಿಮ್ಮ ಪೆಟ್ಟಿಗೆಯ ಒಂದು ಹಳೆಯ ಸೀರೆ ಕೊಡಿ, ಫೋಟೋ ಎಣಿಸುವ ಕೆಲಸ ವಹಿಸಿಕೊಳ್ಳಿ.

ಆ ಸಂಜೆ ಟಿ.ವಿ.ಗೆ ಮೊಬೈಲ್ ಜೋಡಿಸಿ ಸಿನಿಮಾ ತೋರಿಸಿದರು. ಅಕ್ಕಪಕ್ಕದ ಮನೆಯವರೂ ಬಂದಿದ್ದರು. ಹುಡುಗನ ಅಪ್ಪ ಮಾತಾಡದೆ ಎರಡು ಸಲ ಹಾಕಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, “ಮಾವ, ಬೇಲಿ ತಾವ ಎಡಗಡೆ ಒಂದು ಹೊಂಗೆ ಮರ ಐತಲ್ಲ, ಅದು ಬಂದಿಲ್ಲ. ಆನೆ ಯಾವಾಗ್ಲೂ ಆ ಮರದ ಹಿಂದೆ ನಿಂತ್ಕಂಡೇ ನೋಡೋದು” ಅಂದ. ಮಗ ತಕ್ಷಣ ಪೆನ್ಸಿಲ್ ತಂದು ನೋಟುಪುಸ್ತಕದಲ್ಲಿ ಮರ ಎಲ್ಲಿ ಬರಬೇಕೆಂದು ಅಪ್ಪನ ಕೈಯಲ್ಲೇ ಬರೆಸಿಕೊಂಡ.

ಊಟವಾದ ಮೇಲೆ ಅಪ್ಪ ಕಂಬಳಿ ಹೊದ್ದು, ಟಾರ್ಚ್ ಹಿಡಿದು ಅಟ್ಟಣೆಗೆ ಹೊರಟ. ರಾಗಿ ತೆನೆ ಕಟ್ಟುತ್ತಿತ್ತು.